ರಸ್ತೆ ಇಲ್ಲದ ದಂಡೆ

ಎರಡು ಸೀಟಿನ ಕಯಾಕು ದೋಣಿಯಲ್ಲಿ ಚುಕ್ಕಾಣಿ ಹಿಂದೆ ಕುಳಿತವರ ಕಾಲಲ್ಲಿರುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದಿನ ಸೀಟಿಗಾಗಿ ಸಮುದ್ರದ ದಂಡೆಯಲ್ಲಿ ನಿಂತು ಅಷ್ಟು ಹಟ ಮಾಡುತ್ತಿರಲಿಲ್ಲ. ಅರ್ಧ ಆಯುಷ್ಯ ಲಾರಿ ಓಡಿಸಿದವನು ನಾನು. ಓಡಿಸುವವನು ಮುಂದೆ, ಲೋಡು ಹಿಂದೆ. ಇದರಲ್ಲಿ ಕಲಿಯುವಂಥದ್ದೇನೂ ಇಲ್ಲ ಎಂದುಕೊಂಡಿದ್ದೆ.

ನಮ್ಮೂರು ಸಂಡೂರು ಸೀಮೆಯ ಚೋರನೂರು. ಮಳೆ ನಂಬಿದ ಹೊಲಗಳು. ನನ್ನ ಬಾಲ್ಯದಲ್ಲಿ ನೀರೆಂದರೆ ಬಿಂದಿಗೆಯಲ್ಲಿರುವುದು, ಹೆಚ್ಚೆಂದರೆ ಬಾವಿಯ ತಳದಲ್ಲಿ ಮಿಂಚುವುದು. ಈಜುವಷ್ಟು ನೀರನ್ನು ನಾನು ನೋಡಿದ್ದೇ ದೊಡ್ಡವನಾದ ಮೇಲೆ. ನನ್ನ ಹೆಂಡತಿಯದು ಕಂಪ್ಲಿ ಕಡೆಯ ಮೆಟ್ರಿ. ಕಾಲುವೆ ನೀರು, ಭತ್ತದ ಗದ್ದೆ. ಎಮ್ಮೆಯನ್ನು ಕಾಲುವೆಗೆ ಇಳಿಸಿ, ಅದರ ಬಾಲ ಹಿಡಿದುಕೊಂಡೇ ಈಜು ಕಲಿತವಳು. ಮದುವೆಯಾದ ಹೊಸದರಲ್ಲಿ ಅವಳ ತಮ್ಮಂದಿರು ನನ್ನನ್ನು ಕಾಲುವೆಗೆ ಕರೆದಾಗ ನೆಗಡಿ ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ಆ ನೆಗಡಿ ಎಷ್ಟೋ ವರ್ಷ ವಾಸಿಯಾಗಲಿಲ್ಲ ಎಂದು ಅವರು ಈಗಲೂ ಕಾಡುತ್ತಾರೆ.

ಗಣಿಗಳು ಜೋರಾಗಿದ್ದ ಕಾಲದಲ್ಲಿ ನಾನು ಸಂಡೂರಿನಿಂದ ಅದಿರು ತುಂಬಿಕೊಂಡು ಕರಾವಳಿಯ ಬಂದರಿಗೆ ಹೋಗುತ್ತಿದ್ದೆ. ಮನೆಗೆ ಬರುವಾಗ ಹುಬ್ಬಿನಿಂದ ಹಿಮ್ಮಡಿವರೆಗೆ ಕೆಂಪಗಿರುತ್ತಿದ್ದೆ. ಸ್ನಾನಕ್ಕೆ ನೀರು ತೋಡಿ ಕೊಡುತ್ತ ಅವಳು ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು.

"ಈ ಸಲನಾದ್ರೂ ಸಮುದ್ರದಾಗ ಕಾಲು ತೊಕ್ಕಂಡ್ರ್ಯಾ?"

ತೊಳೆದುಕೊಂಡಿರುತ್ತಿರಲಿಲ್ಲ. ಬಂದರಿನ ಹೊರಗೆ ಲಾರಿಗಳ ಸಾಲು. ಸಾಲು ಬಿಟ್ಟು ಇಳಿದರೆ ಪಾಳಿ ಹೋಯಿತು. ಸಮುದ್ರ ನನಗೆ ಕಾಣುತ್ತಿದ್ದುದು ಮುಂದಿನ ಲಾರಿಯ ಟಾರ್ಪಾಲಿನ ಮೇಲೆ ಒಂದು ಗೇಣು ನೀಲಿಯಾಗಿ ಅಷ್ಟೇ. "ಅದರಾಗೇನೈತಿ, ಉಪ್ಪು ನೀರು" ಎನ್ನುತ್ತಿದ್ದೆ. ಅವಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಿದ್ದಳು.

ಗಣಿ ನಿಂತಿತು. ಕೆಲವು ಕಾಲ ರಸ್ತೆ ಕೆಲಸಗಳಿಗೆ ಜಲ್ಲಿ ಹೊಡೆದೆ. ಸೊಂಟ ಮಾತು ಕೇಳದಾದಾಗ ಲಾರಿ ಬಿಟ್ಟು, ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ, ಕಡ್ಡಿರಾಂಪುರದಲ್ಲಿ ಒಂದು ಖಾನಾವಳಿ ಹಾಕಿದೆವು. ಹಾಕಿದೆವು ಎನ್ನುವುದು ನನ್ನ ಡೌಲು. ರೊಟ್ಟಿ ಬಡಿಯುವವಳು ಅವಳು, ಪುಂಡಿ ಪಲ್ಯ ಮಾಡುವವಳು ಅವಳು, ಎಣ್ಣೆಗಾಯಿಗೆ ಮಸಾಲೆ ಅರೆಯುವವಳು ಅವಳು. ನಾನು ಗಲ್ಲಾದಲ್ಲಿ ಕುಳಿತು ಬಂದವರಿಗೆ "ಬರ್ರಿ, ಕುಂದ್ರಿ" ಎನ್ನುತ್ತೇನೆ.

ರಸ್ತೆ ಪಕ್ಕದ ಬದುಕು ಅದು. ಬೆಳಗಾದರೆ ಹಾರ್ನು. ಟೂರಿಸ್ಟ್ ಬಸ್ಸು, ಆಟೋ, ಟ್ರ್ಯಾಕ್ಟರು, ಬಾಡಿಗೆ ಬೈಕು. ಒಂದು ಬಸ್ಸು ಹೋದರೆ ಒಲೆಯ ಮುಂದಿನ ಹಿಟ್ಟಿನ ಪರಾತದ ಮೇಲೆ ಧೂಳಿನ ತೆಳು ಪದರ. ಅವಳು ಎಲ್ಲದಕ್ಕೂ ಬಟ್ಟೆ ಮುಚ್ಚುತ್ತಾಳೆ, ತೆಗೆಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ನನಗೆ ಆ ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಅವಳಿಗೆ ಆ ಸದ್ದಿನಿಂದ ನಿದ್ದೆ ಬರುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಇದು ನನಗೆ ತಿಳಿದದ್ದು ತೀರ ಈಚೆಗೆ.

ನಮ್ಮಲ್ಲಿಗೆ ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳು ಊಟಕ್ಕೆ ಬರುತ್ತಿದ್ದಳು. ಮೂವತ್ತರ ಆಸುಪಾಸು, ಬಿಸಿಲಿಗೆ ಕಪ್ಪಾದ ಮುಖ, ಗಂಡಸರಂಥ ಗಟ್ಟಿ ಕೈ. ಕರಾವಳಿಯವಳು. ಅಲ್ಲಿ ಏನೂ ಬಾರದ ಜನರನ್ನು ಕಯಾಕಿನಲ್ಲಿ ಕೂರಿಸಿ ಸಮುದ್ರಕ್ಕೆ ಕರೆದೊಯ್ಯುವುದು ಅವಳ ಕಸುಬು. ಮಳೆಗಾಲದಲ್ಲಿ ಸಮುದ್ರ ಯಾರನ್ನೂ ಹತ್ತಿರ ಸೇರಿಸುವುದಿಲ್ಲವಾದ್ದರಿಂದ ಹಂಪಿಯ ಬಂಡೆ ಹತ್ತಲು ಬರುತ್ತಿದ್ದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಸಿಕೊಂಡು ತಿನ್ನುತ್ತ, ಒಲೆಯ ಹತ್ತಿರವೇ ಕುಳಿತು ನನ್ನ ಹೆಂಡತಿಯ ಜೊತೆ ಹರಟುತ್ತಿದ್ದಳು. ನನ್ನವಳು ನನಗೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಅವಳಿಗೆ ಕೇಳಿದಳು. ಅವಳು ಉತ್ತರ ಕೊಟ್ಟಳು.

"ನಮ್ಮಲ್ಲಿ ಒಂದು ಸಣ್ಣ ದಂಡೆ ಉಂಟು ಅಕ್ಕ" ಎಂದಳು ಒಂದು ದಿನ. "ಬಂಡೆ ಸುತ್ತಿ ಹೋಗ್ಬೇಕು. ರಸ್ತೆ ಇಲ್ಲ. ಗುಡ್ಡ ಇಳೀಲಿಕ್ಕೂ ಆಗೂದಿಲ್ಲ. ನೀರಿಂದ ಮಾತ್ರ."

ನನ್ನ ಹೆಂಡತಿಯ ಕೈ ರೊಟ್ಟಿಯ ಮೇಲೆ ನಿಂತಿತು.

"ಬೈಕೂ ಬರಂಗಿಲ್ಲೇನು?"

"ಎಂತದೂ ಬರೂದಿಲ್ಲ."

"ಅಂದ್ರ ಹಾರ್ನೇ ಕೇಳಂಗಿಲ್ಲ" ಎಂದಳು ನನ್ನವಳು, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ನನ್ನ ಕಡೆ ತಿರುಗಿ, "ರೀ, ಅಲ್ಲಿಗೆ ಹೋಗಿ ಕುಂತು ಎರಡು ರೊಟ್ಟಿ ತಿಂದು ಬರೂಣು" ಎಂದಳು. ಸೀರೆ ಕೇಳಿದವಳಲ್ಲ, ಬಂಗಾರ ಕೇಳಿದವಳಲ್ಲ. ಇದನ್ನು ಮಾತ್ರ ಆ ಮಳೆಗಾಲ ಮುಗಿಯುವವರೆಗೆ ಬಿಡದೆ ಕೇಳಿದಳು.

ದೀಪಾವಳಿ ಕಳೆದ ಮೇಲೆ ಹೊರಟೆವು. ಹಂಪಿಗೆ ಜನ ಮುಗಿಬೀಳುವ ಕಾಲದಲ್ಲಿ ಖಾನಾವಳಿಗೆ ಬಾಗಿಲು ಹಾಕುತ್ತಾರೆಯೇ ಎಂದು ಅಕ್ಕಪಕ್ಕದವರು ತಲೆ ಚಚ್ಚಿಕೊಂಡರು. ಹೊಸಪೇಟೆಯಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು. ಅವಳು ಖಡಕ್ ರೊಟ್ಟಿಯ ಒಂದು ದೊಡ್ಡ ಗಂಟು ಕಟ್ಟಿಕೊಂಡಿದ್ದಳು, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಘಾಟಿನಲ್ಲಿ ನಾನು ಒಂದೊಂದು ತಿರುವನ್ನೂ ಅವಳಿಗೆ ತೋರಿಸುತ್ತ ಹೋದೆ. ಇಲ್ಲಿ ನನ್ನ ಟೈರು ಒಡೆದಿತ್ತು, ಅಲ್ಲಿ ನಾನು ಚಹಾ ಕುಡಿಯುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು, ಕಣ್ಣು ಮಾತ್ರ ಕಿಟಕಿಯಾಚೆ ನೀಲಿ ಹುಡುಕುತ್ತಿತ್ತು.

ಮರುದಿನ ಬೆಳಿಗ್ಗೆ ದಂಡೆಗೆ ಹೋದಾಗ ಆ ಗೈಡ್ ಹೆಣ್ಣುಮಗಳು ನಮಗಾಗಿ ಕಾಯುತ್ತಿದ್ದಳು. ಮರಳಿನ ಮೇಲೆ ಒಂದು ಉದ್ದನೆಯ ಹಳದಿ ಕಯಾಕು, ಪಕ್ಕದಲ್ಲಿ ಅವಳ ಒಂಟಿ ಸೀಟಿನದು. ನನ್ನ ಹೆಂಡತಿ, ಮದುವೆಯಾಗಿ ಹೋದ ನಮ್ಮ ಮಗಳು ಬಿಟ್ಟುಹೋಗಿದ್ದ ಚೂಡಿದಾರ ಹಾಕಿಕೊಂಡಿದ್ದಳು, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ನಾಚಿಕೆಗೆ ನನ್ನ ಕಡೆ ನೋಡಲಿಲ್ಲ. ನೀರಿನ ಅಂಚಿಗೆ ಹೋಗಿ ಬಗ್ಗಿ, ಊರಿಂದ ತಂದಿದ್ದ ಅರಿಷಿಣ ಕುಂಕುಮ ಬಿಟ್ಟು, ಬೊಗಸೆ ನೀರು ಕಣ್ಣಿಗೆ ಒತ್ತಿಕೊಂಡಳು. ಒಂದು ಅಲೆ ಬಂದು ಅವಳ ಮೊಣಕಾಲು ತೋಯಿಸಿತು. ಅವಳು ನಕ್ಕ ಆ ನಗು ನನಗೆ ಹೊಸದು. ನಾನು ಇನ್ನೂ ಒಣ ಮರಳಿನ ಮೇಲೆ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ.

"ಅಣ್ಣ, ನೀವು ಭಾರ ಇದ್ದೀರಿ, ಹಿಂದೆ ಕೂತ್ಕೊಳ್ಳಿ. ಅಕ್ಕ ಮುಂದೆ" ಎಂದಳು ಗೈಡ್.

ನನಗೆ ಸಿಟ್ಟು ಬಂತು. "ನೋಡವ್ವ, ನಾ ಡ್ರೈವರು. ಹಿಂದ ಕುಂದ್ರಾದು ಲೋಡು. ನಾ ಮುಂದ ಕುಂದ್ರತೀನಿ."

ಆಕೆ ಎರಡು ಸಲ ಹೇಳಿದಳು. ನಾನು ಮೂರನೆಯ ಸಲ ಹೇಳಲು ಬಿಡಲಿಲ್ಲ. ಆಗಲೇ ಹೋಗಿ ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ನನ್ನ ಹೆಂಡತಿ ಹಿಂದಿನಿಂದ, "ಇರಲಿ ಬಿಡ ತಂಗಿ, ಅವರು ಭಾಳ ಗಾಡಿ ಓಡಿಸ್ಯಾರ. ಅವರಿಗೆ ಗೊತ್ತಿರತೈತಿ" ಎಂದಳು. ಗೈಡ್ ನಕ್ಕುಬಿಟ್ಟಳು. ಹಿಂದಿನ ಸೀಟಿನ ಮುಂದಿದ್ದ ಎರಡು ಪೆಡಲುಗಳನ್ನು ನನ್ನವಳ ಪಾದಕ್ಕೆ ತಾಗುವಂತೆ ಸರಿಪಡಿಸುತ್ತ, "ಹಾಗಾದ್ರೆ ಅಣ್ಣ ಇಂಜಿನ್ನು, ಅಕ್ಕ ಡ್ರೈವರು. ಬಲಗಾಲು ಒತ್ತಿದ್ರೆ ಬಲಕ್ಕೆ, ಎಡಗಾಲು ಒತ್ತಿದ್ರೆ ಎಡಕ್ಕೆ" ಎಂದಳು. ಆಗ ನನಗೆ ವಿಷಯ ತಿಳಿಯಿತು. ಎದ್ದು ಬದಲಾಯಿಸಿಕೊಳ್ಳಲು ಮರ್ಯಾದೆ ಅಡ್ಡ ಬಂತು.

ನೀರಿಗಿಳಿಯುವ ಮುಂಚೆ ಮರಳಿನ ಮೇಲೆಯೇ ಪಾಠ. ಹುಟ್ಟನ್ನು ಭುಜದಗಲಕ್ಕಿಂತ ಕೊಂಚ ಹೆಚ್ಚು ಅಗಲಕ್ಕೆ ಹಿಡಿಯಬೇಕು, ಬಿಗಿಯಾಗಿ ಹಿಡಿಯಬಾರದು. ತೋಳಿನಿಂದ ಎಳೆಯುವುದಲ್ಲ, ಸೊಂಟದಿಂದ ತಿರುಗಬೇಕು. ಮುಂದಿನವರು ಹಾಕಿದ ತಾಳಕ್ಕೆ ಹಿಂದಿನವರು ಹುಟ್ಟು ಹಾಕಬೇಕು. ಅಲೆ ಬಂದರೆ ಮೂತಿಯನ್ನು ಅಲೆಗೇ ಕೊಡಬೇಕು, ಪಕ್ಕ ಕೊಡಬಾರದು. ಮಗುಚಿದರೆ ಗಾಬರಿಯಾಗದೆ ಕಯಾಕು ಹಿಡಿದುಕೊಳ್ಳಬೇಕು, ಜಾಕೆಟ್ ತೇಲಿಸುತ್ತದೆ. ನನ್ನ ಹೆಂಡತಿ ಕೇಳಿದ್ದನ್ನೆಲ್ಲ ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ನಾನು ಗೊತ್ತಿದ್ದವನಂತೆ ಗೋಣು ಹಾಕುತ್ತಿದ್ದೆ. ರೊಟ್ಟಿ ಗಂಟನ್ನು ಗೈಡ್ ನೀರು ಹೋಗದ ಚೀಲವೊಂದರಲ್ಲಿ ಹಾಕಿ, ಬಾಯಿ ಸುತ್ತಿ, ತನ್ನ ಕಯಾಕಿಗೆ ಕಟ್ಟಿಕೊಂಡಳು.

ದಂಡೆಯ ಹತ್ತಿರದ ನೀರಿನಲ್ಲಿ ಎಲ್ಲ ಚೆನ್ನಾಗಿತ್ತು. ಮೊದಮೊದಲು ಇಬ್ಬರ ಹುಟ್ಟುಗಳು ಟಕ್ ಟಕ್ ಎಂದು ಬಡಿದುಕೊಂಡವು. ನಾನು ಎದುರಿಗೆ ಏನು ಬಂದರೂ ಬಲಗಾಲು ಒತ್ತುತ್ತಿದ್ದೆ, ಅಲ್ಲಿ ಬ್ರೇಕಿಲ್ಲ ಎಂದು ಪಾದಕ್ಕೆ ತಿಳಿಯುತ್ತಿರಲಿಲ್ಲ. "ಅಲ್ಲೇನೂ ಇಲ್ರೀ, ಎಲ್ಲಾ ನನ್ನ ಕಡಿ ಐತಿ" ಎಂದು ಹಿಂದಿನಿಂದ ನಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ನಮ್ಮ ಕಯಾಕು ನೂಲು ಹಿಡಿದಂತೆ ನೇರ ಹೋಗತೊಡಗಿತು. "ಅಕ್ಕ, ನೀವು ಮೊದಲ ಸಲವಾ?" ಎಂದು ಗೈಡ್ ಕೇಳಿದಳು. ಅದು ಹೊಗಳಿಕೆ ಎಂದು ಮೂವರಿಗೂ ಗೊತ್ತಿತ್ತು. ನಾನು ಹುಟ್ಟನ್ನು ಇನ್ನಷ್ಟು ಜೋರಾಗಿ ಹಾಕಿದೆ.

ಬಂಡೆಗಳ ಸಾಲು ದಾಟಿದಾಗ ಸಮುದ್ರ ಬೇರೆಯಾಯಿತು. ಅಲೆ ಒಡೆಯುತ್ತಿರಲಿಲ್ಲ, ಸದ್ದೂ ಇರಲಿಲ್ಲ. ನೀರು ಸುಮ್ಮನೆ ನಮ್ಮನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಇಳಿದಾಗ ದಂಡೆ ಕಾಣುತ್ತಿರಲಿಲ್ಲ. ಘಾಟಿನ ಇಳಿಜಾರಿನಲ್ಲಿ ತುಂಬಿದ ಲಾರಿಯ ಬ್ರೇಕು ಒಮ್ಮೆ ಹಿಡಿಯದೆ ಹೋದದ್ದು ನೆನಪಾಯಿತು. ಆಗ ಕೈಯಲ್ಲಿ ಸ್ಟೇರಿಂಗ್ ಇತ್ತು. ಈಗ ಅದೂ ಇಲ್ಲ. ನನ್ನ ಹುಟ್ಟು ನಿಂತುಹೋಯಿತು.

"ಏನಾತ್ರಿ?" ಹಿಂದಿನಿಂದ ಅವಳ ದನಿ.

"ಏನಿಲ್ಲ. ನಡಿ, ನಡಿ."

ನಡಿ ಎಂದೆನೇ ಹೊರತು ನನ್ನ ಕೈ ಏಳಲಿಲ್ಲ. ಅವಳೊಬ್ಬಳೇ ಹುಟ್ಟು ಹಾಕುತ್ತಿದ್ದಳು, ಮೂತಿಯನ್ನು ಅಲೆಗೇ ಕೊಡುತ್ತಿದ್ದಳು. ತಿರುಗಿ ಅವಳ ಮುಖ ನೋಡೋಣವೆಂದರೆ ಕಯಾಕು ವಾಲೀತೆಂಬ ಭಯ. ದೊಡ್ಡ ಬಂಡೆಯ ಮೂಗು ಹತ್ತಿರ ಬಂತು. ಅದರಾಚೆ, ಇನ್ನು ಕೆಲವೇ ಹುಟ್ಟುಗಳಷ್ಟು ದೂರದಲ್ಲಿ, ಬಿಳಿ ಮರಳಿನ ಒಂದು ಚೂರು ಕಂಡಿತು. ಅದರ ಹಿಂದೆ ಹಸಿರು ಗುಡ್ಡ. ಯಾರೂ ಇರಲಿಲ್ಲ.

"ಅಗಾ ಅಲ್ಲಿ ಅಕ್ಕ, ಬಂತು!" ಎಂದು ಗೈಡ್ ಕೂಗಿದಳು.

ಹಿಂದೆ ಒಂದು ಗಳಿಗೆ ಮಾತೇ ಇಲ್ಲ. ಆಮೇಲೆ ನನ್ನ ಹೆಂಡತಿ ದನಿ ಎತ್ತಿ ಹೇಳಿದಳು: "ತಂಗಿ, ನನ್ನ ರಟ್ಟಿ ಭಾಳ ನೋಯಾಕತ್ತಾವ. ವಾಪಸ್ ಹೋಗೂಣು."

"ಇಷ್ಟು ಬಂದು? ಇನ್ನು ಒಂದು ಸ್ವಲ್ಪ ಅಕ್ಕ. ಬೇಕಾದ್ರೆ ಹಗ್ಗ ಹಾಕಿ ನಾನೇ ಎಳೀತೇನೆ."

"ಬ್ಯಾಡವ್ವ. ಆಗವಲ್ದು. ತಿರುಗಸೂಣು."

ತಿರುಗಿಸಿದೆವು. ತಿರುಗಿಸಿದವಳೂ ಅವಳೇ. ನಾವು ಹೊರಟಿದ್ದ ದಂಡೆ ಎದುರಿಗೆ ಬಂದದ್ದೇ ತಡ ನನ್ನ ಕೈಗೆ ಜೀವ ಬಂತು, ಬಾಯಿಗೂ ಬಂತು. "ಹೆಣ್ಮಕ್ಕಳ ಕೈಲೆ ಆಗೋ ಕೆಲಸನಾ ಇದು? ಸುಮ್ನ ಬಂದಿ" ಎಂದೆ. ಅವಳು ಹುಂ ಎಂದಳು. ಮರಳಿನ ಮೇಲೆ ಇಳಿದಾಗ ಗೈಡ್ ಚೀಲ ಬಿಚ್ಚಿ ರೊಟ್ಟಿ ಗಂಟು ಕೊಟ್ಟಳು. ಒಂದು ಹನಿ ನೀರು ತಾಗಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ಅವನ್ನು ನಾನೇ ಹೆಚ್ಚು ತಿಂದೆ. ಅವಳು ಹಸಿವಿಲ್ಲ ಎಂದಳು.

ಊರಿಗೆ ಬಂದ ಮೇಲೆ ನನಗೆ ಒಂದು ಕಥೆ ಸಿಕ್ಕಂತಾಯಿತು. ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಸಮುದ್ರದ ನಡುಮಧ್ಯೆ ಹೋಗಿದ್ದೆವು, ಇನ್ನೇನು ಮುಟ್ಟಬೇಕು, ನಮ್ಮಾಕಿಯ ರಟ್ಟೆ ಸೋತವು. ಜನ ನಗುತ್ತಿದ್ದರು. ಒಲೆಯ ಹತ್ತಿರ ಪಟ ಪಟ ಎಂದು ರೊಟ್ಟಿ ಬಡಿಯುವ ಸದ್ದು ನಿಲ್ಲದೆ ಬರುತ್ತಿತ್ತು. ಆ ಸದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಸಾಕಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಒಂದು ಬಸ್ಸಿನ ತುಂಬ ಜನ ಹೇಳದೆ ಕೇಳದೆ ಬಂದಿಳಿದರು. ಬೆಳಿಗ್ಗೆ ಕುಳಿತ ಅವಳು ಮಧ್ಯಾಹ್ನ ಇಳಿಯುವವರೆಗೆ ಒಲೆಯ ಮುಂದಿನಿಂದ ಏಳಲಿಲ್ಲ. ಊಟ ಮುಗಿಸಿ ಕೈ ತೊಳೆದುಕೊಂಡ ಒಬ್ಬ ಅಜ್ಜಿ ಅವಳ ಹತ್ತಿರ ಹೋಗಿ, "ಯವ್ವಾ, ಇಷ್ಟು ಬಡೀತಿ, ರಟ್ಟಿ ನೋಯಂಗಿಲ್ಲೇನು?" ಎಂದು ಕೇಳಿದಳು.

"ಇಲ್ಲಬೇ ಅಜ್ಜಿ" ಎಂದಳು ನನ್ನವಳು, ಹಿಟ್ಟು ನಾದುತ್ತಲೇ. "ಹುಟ್ಟಿದಾಗಿಂದ ಬಡ್ಯಾಕತ್ತೀನಿ. ಒಂದಿನಾನೂ ನೊಂದಿಲ್ಲ ನೋಡು."

ಹೇಳಿದ ಮೇಲೆ ಅವಳಿಗೇ ತಿಳಿಯಿತು. ತಲೆ ಎತ್ತಿ ಗಲ್ಲಾದ ಕಡೆ ನೋಡಿದಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಬೇಗ ತಲೆ ತಗ್ಗಿಸಿ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.

ಜನ ಹೋದ ಮೇಲೆ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಅವಳೇ ಹೇಳಿದಳು.

"ನಿಮ್ಮ ಬೆನ್ನು ನಡಗಾಕತ್ತಿತ್ತು. ಹಿಂದ ಕುಂತಾಕಿಗೆ ಕಾಣತೈತ್ರಿ. ಇವರು ಭಾಳ ಗಾಡಿ ಓಡಿಸ್ಯಾರ ಅಂತ ಆ ಹುಡುಗಿಗೆ ನಾನೇ ಹೇಳಿದ್ದೆ. ಅಂಜ್ಯಾರ ಅಂತ ಹ್ಯಾಂಗ ಹೇಳಲಿ?"

"ಮತ್ತ ನಾ ಎಲ್ಲರ ಮುಂದ ನಿನ್ನ ಆಡಿಕೊಂತಿದ್ನಲ್ಲ, ಆಗರ ಹೇಳಬೇಕಿಲ್ಲೇನು?"

"ಹೇಳಿ ಏನು ಮಾಡೂದೈತಿ" ಎಂದು ಹಂಚು ಕೆಳಗಿಳಿಸಿದಳು.

ನನಗೆ ಅತ್ತುಬಿಡಬೇಕೆನ್ನಿಸಿತು. ಕೆಲವೇ ಹುಟ್ಟುಗಳು. ಕಣ್ಣೆದುರಿಗಿದ್ದ ಆ ಮರಳನ್ನು ನನ್ನ ಮರ್ಯಾದೆಗಾಗಿ ಬಿಟ್ಟು ಬಂದವಳು, ಬಿಟ್ಟದ್ದನ್ನು ಯಾರಿಗೂ ಗೊತ್ತಾಗದಂತೆ ಇಟ್ಟುಕೊಂಡವಳು. ಆ ಒಂದು ಗಳಿಗೆ ಮಾತಿಲ್ಲದೆ ಇದ್ದಳಲ್ಲ, ಆಗ ಅವಳು ಆ ದಂಡೆಯನ್ನು ನೋಡುತ್ತಿದ್ದಳೋ, ನನ್ನ ಬೆನ್ನನ್ನೋ. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮುಂದಿನ ದೀಪಾವಳಿಗೆ ಮತ್ತೆ ಹೋಗುವುದೆಂದು ಅವತ್ತೇ ಹೇಳಿದೆ. ಬರಿಯ ಮಾತಿಗೆ ಹೇಳಿದ್ದಲ್ಲ. ಬೇಸಿಗೆಯಲ್ಲಿ, ಗಿರಾಕಿ ಕಡಿಮೆಯಾದಾಗ, ಮೆಟ್ರಿಗೆ ಹೋಗಿ ನನ್ನ ಹಳೆಯ ಲಾರಿಯ ಟ್ಯೂಬೊಂದಕ್ಕೆ ಗಾಳಿ ತುಂಬಿಸಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಊರ ಹೊರಗಿನ ನಿಂತ ನೀರಿನ ಹೊಂಡಕ್ಕೆ ಇಳಿದೆ. ಭಾವಮೈದುನಂದಿರು ದಂಡೆಯ ಮೇಲೆ ಬಿದ್ದು ಹೊರಳಾಡಿ ನಕ್ಕರು. "ಮಾಮಾ, ನೆಗಡಿ ವಾಸಿ ಆತೇನು?" ಎಂದರು. ಆಗಲಿ ಎಂದು ಬಿಟ್ಟೆ. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ಮೇಲೆ ಕುಳಿತಿರುತ್ತಿದ್ದಳು. "ಕಾಲು ಬಡೀರಿ, ಬ್ರೇಕ್ ಒತ್ತಬ್ಯಾಡ್ರಿ" ಎನ್ನುತ್ತಿದ್ದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಟ್ಯೂಬು ಬಿಟ್ಟು ಈ ಅಂಚಿನಿಂದ ಆ ಅಂಚಿಗೆ ಹೋಗುವಷ್ಟು ಕಲಿತೆ. ನೀರು ನನ್ನನ್ನು ಎತ್ತಿದಾಗ ಈಗ ಕೈ ನಿಲ್ಲುತ್ತಿರಲಿಲ್ಲ. ಈ ಸಲ ಹಿಂದಿನ ಸೀಟು ಅವಳದ್ದೇ ಎಂದು ನಾನೇ ಹೇಳಿದೆ.

ಆ ಮಳೆಗಾಲದಲ್ಲಿ ಗೈಡ್ ಹಂಪಿಗೆ ಬರಲಿಲ್ಲ. ದಸರಾ ಕಳೆದ ಮೇಲೆ ನಾನೇ ಫೋನು ಮಾಡಿದೆ. ಗಲ್ಲಾದ ಮೇಲಿಟ್ಟು, ಒಲೆಯವರೆಗೆ ಕೇಳಲಿ ಎಂದು ಸ್ಪೀಕರು ಹಾಕಿದ್ದೆ. ದೀಪಾವಳಿ ಆದ ಮೇಲೆ ಬರುತ್ತೇವೆ, ಅದೇ ದಂಡೆಗೆ ಎಂದೆ. ಆಕೆಗೆ ಖುಷಿಯಾಯಿತು.

"ಬನ್ನಿ ಅಣ್ಣ, ಬನ್ನಿ. ಆದ್ರೆ ಅಲ್ಲಿಗೆ ಈಗ ಕಯಾಕ್ ಎಂತಕ್ಕೆ? ಗುಡ್ಡ ಕಡಿದು ರಸ್ತೆ ಮಾಡಿದ್ದಾರೆ. ಕಾರು ಮರಳಿನ ತನಕ ಹೋಗ್ತದೆ. ಅಕ್ಕನಿಗೆ ಹೇಳಿ, ಇನ್ನು ಪಾಪ ರಟ್ಟೆ ನೋಯಿಸ್ಕೊಳ್ಳೂದು ಬೇಡ."

ಸರಿ ಎಂದು ಫೋನು ಇಟ್ಟೆ. ಎಷ್ಟು ರಸ್ತೆಗಳಿಗೆ ನಾನು ಜಲ್ಲಿ ಸುರಿದಿದ್ದೇನೋ, ಒಂದು ರಸ್ತೆಯ ಮೇಲೂ ಹೀಗೆ ಹೊಟ್ಟೆ ಉರಿದಿರಲಿಲ್ಲ. ಒಲೆಯ ಕಡೆ ನೋಡಿದೆ. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

"ಡಾಂಬರು ಹಾಕ್ಯಾರಂತೇನು?" ಎಂದಳು.

"ಹಾಕಿರತಾರ."

"ಹಂಗಾರ ಅಲ್ಲೂ ಯಾರರ ಖಾನಾವಳಿ ಹಾಕಿರತಾರ ಬಿಡ್ರಿ."

ಹೊರಗೆ ಹಂಪಿಯ ಕಡೆ ಹೋಗುವ ಬಸ್ಸೊಂದು ಹಾರ್ನು ಹೊಡೆಯುತ್ತ ಬಂತು. ಅವಳು ಹಿಟ್ಟಿನ ಪರಾತದ ಮೇಲೆ ಬಟ್ಟೆ ಎಳೆದಳು.